ಬೇಸ್ ಗಿಟಾರಿನ ನಾದ ತಿದ್ದುವುದು: ಪಿಕಪ್ ಬದಲಿಸಬೇಕೆ, ಪಾಟ್ ಸಾಕೆ, ಪ್ರಿಆಂಪ್ ಬೇಕೆ?

ಬೇಸ್ ಗಿಟಾರಿನ ನಾದ ಹಿಡಿಸುತ್ತಿಲ್ಲ ಎನಿಸಿದ ಕೂಡಲೇ ಎಲ್ಲರೂ ಹುಡುಕತೊಡಗುವುದು ಹೊಸ ಪಿಕಪ್‌ಗಳನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ-ಸುರುಳಿಗಳನ್ನು. ಕೊನೆಗೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ವಾದ್ಯಕ್ಕೆ ಕೊಟ್ಟದ್ದಕ್ಕಿಂತ ಅದರೊಳಗೆ ಕೂರಿಸಿದ ಸಾಮಾನಿನ ಬೆಲೆಯೇ ಹೆಚ್ಚು. ಇಷ್ಟಾದರೂ ದೂರು ಹಾಗೆಯೇ ಉಳಿದರೆ, ಆ ದೂರು ಏನೆಂದು ಮೊದಲೇ ಸರಿಯಾಗಿ ಗುರುತಿಸಿರಲಿಲ್ಲ ಎಂದರ್ಥ.

"ಮಂಕಾಗಿದೆ", "ಸುಮ್ಮನಿದ್ದರೂ ಗುಂಯ್‌ಗುಡುತ್ತದೆ", "ಡ್ರಮ್ಸ್ ಶುರುವಾದರೆ ಬೇಸ್ ಮಾಯ", "ಒಂದು ತಂತಿ ಮಾತ್ರ ಕ್ಷೀಣ". ಈ ನಾಲ್ಕೂ ಬೇರೆ ಬೇರೆ ಕಾಯಿಲೆಗಳು. ಮೊದಲನೆಯದಕ್ಕೆ ಬಹುಪಾಲು ತಂತಿ ಅಥವಾ ಪಾಟ್ (ನಾಬಿನ ಕೆಳಗಿರುವ, ತಿರುಗಿಸಿ ಬದಲಿಸುವ ರೋಧಕ) ಕಾರಣ. ಎರಡನೆಯದಕ್ಕೆ ಶೀಲ್ಡಿಂಗ್ (ಒಳಗಿನ ಗುಳಿಗಳಿಗೆ ಲೋಹದ ಹೊದಿಕೆ) ಇಲ್ಲವೇ ಹಮ್ ಎಂಬ ಗುಂಯ್ ಸದ್ದನ್ನು ಅಳಿಸುವ ಪಿಕಪ್ ಬೇಕು, ಎರಡರಲ್ಲಿ ಯಾವುದೆಂದು ತಿಳಿಯಲು ಕೆಳಗೆ ಒಂದು ಪರೀಕ್ಷೆ ಇದೆ. ಮೂರನೆಯದು ಮಿಡ್, ಅಂದರೆ ನಡುವಿನ ಆವರ್ತನಗಳ ಕೊರತೆ. ವೈರಿಂಗ್, ಪಿಕಪ್‌ನ ಜಾಗ ಅಥವಾ ಪ್ರಿಆಂಪ್ (ಆಂಪ್ಲಿಫೈಯರಿಗೆ ಮೊದಲೇ ನಾದ ತಿದ್ದುವ ಸರ್ಕ್ಯೂಟ್) ಅದನ್ನು ತುಂಬಬಲ್ಲದು. ನಾಲ್ಕನೆಯದಕ್ಕೆ ಸ್ಕ್ರೂಡ್ರೈವರ್ ಒಂದೇ ಸಾಕು.

ಬೆಸುಗೆ ಬೇಡದ ಕೆಲಸ ಮೊದಲು

ತಂತಿ ಕೊಡದ್ದನ್ನು ಪಿಕಪ್ ಹುಟ್ಟಿಸುವುದಿಲ್ಲ. ದುಂಡನೆಯ ಎಳೆ ಸುತ್ತಿದ ರೌಂಡ್‌ವೌಂಡ್ ತಂತಿ ಹೊಸದಿದ್ದಾಗ ಮಿನುಗುತ್ತದೆ. ದಿನ ಕಳೆದಂತೆ ಬೆವರು, ಕೊಳೆ ಸುತ್ತುಗಳ ನಡುವೆ ಸೇರಿ ಮೇಲಿನ ಸ್ವರಾಂಶಗಳು ಸತ್ತುಹೋಗುತ್ತವೆ. ವರ್ಷಗಟ್ಟಲೆ ಬದಲಿಸದ ತಂತಿಯ ಮೇಲೆ ಹೊಸ ಪಿಕಪ್ ಪರೀಕ್ಷಿಸುವುದು ಮಸುಕಾದ ಗಾಜಿನ ಹಿಂದೆ ಹೊಸ ಕನ್ನಡಕ ಹಾಕಿ ನಿಂತಂತೆ. ಇನ್ನೊಂದು ದಿಕ್ಕಿಗೆ ಹೋಗಬೇಕೆನ್ನುವವರಿಗೆ, ಅಂದರೆ ಹಳೆಯ ಧ್ವನಿಮುದ್ರಿಕೆಗಳ ದಪ್ಪ, ಗುಂಡಗಿನ ನಾದ ಬೇಕೆನ್ನುವವರಿಗೆ ಚಪ್ಪಟೆ ಎಳೆ ಸುತ್ತಿದ ಫ್ಲಾಟ್‌ವೌಂಡ್ ತಂತಿ ಕೊಡುವ ಬದಲಾವಣೆ ಯಾವ ಪಿಕಪ್ಪಿನಿಂದಲೂ ಬರುವಂಥದ್ದಲ್ಲ. ಫ್ಲಾಟ್‌ವೌಂಡ್ ಸಾಮಾನ್ಯವಾಗಿ ಹೆಚ್ಚು ಬಿಗಿ ಇರುತ್ತದೆ. ಹಾಕಿದ ಮೇಲೆ ನೆಕ್‌ನ ಬಾಗು ಮತ್ತು ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಶ್ರುತಿಗೆ ಕೂರುವುದು) ಎರಡನ್ನೂ ಮತ್ತೆ ನೋಡಬೇಕು.

ಎರಡನೆಯದು ಪಿಕಪ್‌ನ ಎತ್ತರ. ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್‌ನಲ್ಲಿ ತಂತಿಯ ಕೆಳಗಿರುವ ಲೋಹದ ಕಂಬದ ತುದಿಗೆ ಇರುವ ಅಂತರ ಅಳೆಯಿರಿ. ಇ ತಂತಿಯ ಕಡೆ ಸುಮಾರು 3 ಮಿ.ಮೀ., ಜಿ ತಂತಿಯ ಕಡೆ ಸುಮಾರು 2.5 ಮಿ.ಮೀ. ಒಳ್ಳೆಯ ಆರಂಭ. ಅಲ್ಲಿಂದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ಕಿವಿಗೊಡಿ. ಎರಡು ಪಿಕಪ್ ಇರುವ ವಾದ್ಯದಲ್ಲಿ ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಸೇತುವೆ) ಪಕ್ಕದ ಪಿಕಪ್ ತಂತಿಗೆ ಇನ್ನೂ ಹತ್ತಿರ ಇರಬೇಕು, ಏಕೆಂದರೆ ಅಲ್ಲಿ ತಂತಿ ಅಲುಗುವುದೇ ಕಡಿಮೆ.

ಜೋರು ಬೇಕೆಂದು ಪಿಕಪ್ಪನ್ನು ತಂತಿಗೆ ಅಂಟುವಷ್ಟು ಮೇಲೆತ್ತಿದರೆ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ. 12ನೇ ಫ್ರೆಟ್‌ನ ಮೇಲೆ ಇ ತಂತಿ ಒಂದೇ ಸಲಕ್ಕೆ ಎರಡು ಸ್ವರ ನುಡಿದಂತೆ ತೊನೆಯುವುದು, ಎಷ್ಟು ತಿದ್ದಿದರೂ ಇಂಟೊನೇಶನ್ ಕೂರದಿರುವುದು, ನಾದ ಬೇಗ ಆರಿಹೋಗುವುದು ಇದರ ಲಕ್ಷಣ. ಕಂಬಗಳೇ ಅಯಸ್ಕಾಂತವಾಗಿರುವ ಪಿಕಪ್‌ಗಳಲ್ಲಿ ಇದನ್ನು ಬೇಗ ಗುರುತಿಸಬಹುದು. ಸ್ಕ್ರೂ ಸಡಿಲಿಸಿದರೂ ಪಿಕಪ್ ಮೇಲೆ ಬರುತ್ತಿಲ್ಲವೆಂದರೆ ಕೆಳಗಿನ ಫೋಮ್ ಒಣಗಿ ಚಪ್ಪಟೆಯಾಗಿದೆ. ಹೊಸ ಫೋಮ್ ತುಂಡು ಇಡಿ, ಅಷ್ಟೇ.

ಪಾಟ್, ಕೆಪಾಸಿಟರ್, ಕೇಬಲ್: ಚಿಕ್ಕ ಖರ್ಚಿನ ದೊಡ್ಡ ಲೆಕ್ಕ

ಪ್ಯಾಸಿವ್, ಅಂದರೆ ಬ್ಯಾಟರಿ ಇಲ್ಲದ ಬೇಸಿನಲ್ಲಿ ಪಿಕಪ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಸುರುಳಿಯ ಇಂಡಕ್ಟೆನ್ಸ್ (ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ), ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಗುಣ), ಪಾಟ್‌ಗಳ ರೋಧ ಮೂರೂ ಸೇರಿ ಒಂದು ಫಿಲ್ಟರ್ ಆಗುತ್ತವೆ. ಆ ಫಿಲ್ಟರಿಗೆ ಒಂದು ಅನುರಣನ ಶಿಖರವಿದೆ. ಶಿಖರದ ಆಸುಪಾಸಿನ ಆವರ್ತನಗಳು ಎದ್ದು ಕೇಳುತ್ತವೆ, ಅದಕ್ಕಿಂತ ಮೇಲಿನವು ಇಳಿದುಹೋಗುತ್ತವೆ. ನಾವು "ಪಿಕಪ್‌ನ ಗುಣ" ಎಂದು ಕರೆಯುವುದರಲ್ಲಿ ಬಹುಪಾಲು ಈ ಶಿಖರ ಎಲ್ಲಿದೆ, ಎಷ್ಟು ಚೂಪಾಗಿದೆ ಎಂಬುದೇ.

ಲೆಕ್ಕಕ್ಕೆ 4 ಹೆನ್ರಿ ಇಂಡಕ್ಟೆನ್ಸ್ ಇರುವ ಪಿಕಪ್ ಇಟ್ಟುಕೊಳ್ಳೋಣ. ಸಾಧಾರಣ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. 6 ಮೀಟರ್ ಕೇಬಲ್ ಮತ್ತು ಒಳಗಿನ ವೈರುಗಳು ಸೇರಿ 700 ಪಿಕೋಫ್ಯಾರಡ್ ಆದರೆ ಶಿಖರ ಸುಮಾರು 3000 ಹರ್ಟ್ಸ್‌ನಲ್ಲಿ ಕೂರುತ್ತದೆ. ಅದೇ ಬೇಸಿಗೆ 3 ಮೀಟರ್ ಕೇಬಲ್ ಸಿಕ್ಕಿಸಿ, ಒಟ್ಟು 400 ಪಿಕೋಫ್ಯಾರಡ್ ಆದರೆ ಶಿಖರ 4000 ಹರ್ಟ್ಸ್‌ಗೆ ಏರುತ್ತದೆ. ಮಂಕು ಎನ್ನುವ ದೂರಿಗೆ ಕೆಲವೊಮ್ಮೆ ಗಿಡ್ಡ ಕೇಬಲ್ಲೇ ಉತ್ತರ.

ಪಾಟ್ ನಿರ್ಧರಿಸುವುದು ಶಿಖರದ ಚೂಪನ್ನು. ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಹಮ್ ಅಳಿಸುವ ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋಓಮ್ ಎಂಬ ವಾಡಿಕೆ ಇದೆ, ಆದರೆ ನೋಡಬೇಕಾದದ್ದು ಒಟ್ಟು ಹೊರೆ. ಒಂದು ವಾಲ್ಯೂಮ್, ಒಂದು ಟೋನ್ ಇರುವ ಬೇಸಿನಲ್ಲಿ ಎರಡು 250 ಸೇರಿ 125 ಕಿಲೋಓಮ್ ಹೊರೆ. ಎರಡು ವಾಲ್ಯೂಮ್, ಒಂದು ಟೋನ್ ಇರುವ ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯಲ್ಲಿ ಮೂರು 250 ಸೇರಿ ಸುಮಾರು 83ಕ್ಕೆ ಇಳಿಯುತ್ತದೆ. ಹೊರೆ ಕಡಿಮೆ ಓಮ್ ಆದಷ್ಟೂ ಶಿಖರ ಮೊಂಡಾಗುತ್ತದೆ. ಜಾಝ್ ಬೇಸ್ ಮಂಕಾಗಿದೆ ಎನ್ನುವವರು ಮೂರನ್ನೂ 500ಕ್ಕೆ ಬದಲಿಸಿದರೆ ಹೊರೆ 167 ಆಗುತ್ತದೆ, ಟ್ರೆಬಲ್ (ಮೇಲಿನ ಆವರ್ತನಗಳು) ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ. ಕೆಲವರಿಗೆ ಅದು ಕರ್ಕಶ ಎನಿಸಬಹುದು. ಹಾಗಾದರೆ ಟೋನ್ ಪಾಟ್ ಮಾತ್ರ 500 ಮಾಡಿ, ಅಥವಾ ತುದಿಗೆ ತಿರುಗಿಸಿದಾಗ ಸರ್ಕ್ಯೂಟಿನಿಂದಲೇ ಕಳಚಿಕೊಳ್ಳುವ ನೋ-ಲೋಡ್ ಪಾಟ್ ಹಾಕಿ. ಪಾಟ್‌ಗಳ ನೈಜ ರೋಧ 20 ಪ್ರತಿಶತ ಆಚೀಚೆ ಇರುವುದು ಸಾಮಾನ್ಯ. 250 ಎಂದು ಅಚ್ಚು ಹಾಕಿದ್ದು 200 ಇರಬಹುದು, 300 ಇರಬಹುದು. ಬೆಸುಗೆ ಹಾಕುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿದರೆ ಆಮೇಲೆ ತಲೆ ಕೆರೆದುಕೊಳ್ಳಬೇಕಿಲ್ಲ.

ಟೋನ್ ನಾಬಿಗೆ ಬೆಸೆದಿರುವ, ಟ್ರೆಬಲ್ ಇಳಿಸುವ ಟೋನ್ ಕೆಪಾಸಿಟರ್ ಕುರಿತು ಇರುವಷ್ಟು ಮೂಢನಂಬಿಕೆ ಬೇಸ್ ಲೋಕದಲ್ಲಿ ಇನ್ನಾವ ಬಿಡಿಭಾಗದ ಕುರಿತೂ ಇಲ್ಲವೇನೋ. ಟೋನ್ ನಾಬ್ ಪೂರ್ತಿ ತೆರೆದಿದ್ದಾಗ ಕೆಪಾಸಿಟರ್‌ನ ಮೌಲ್ಯಕ್ಕೆ ಹೆಚ್ಚಿನ ಪಾತ್ರವೇ ಇಲ್ಲ, ಆಗ ಕೆಲಸ ಮಾಡುವುದು ಪಾಟ್‌ನ ರೋಧ. ಪೂರ್ತಿ ಮುಚ್ಚಿದಾಗ ಮಾತ್ರ ಅದು ಕೇಬಲ್‌ನ ಜಾಗದಲ್ಲಿ ಕುಳಿತು ಶಿಖರವನ್ನು ಕೆಳಗೆ ಎಳೆಯುತ್ತದೆ. ಅದೇ 4 ಹೆನ್ರಿ ಪಿಕಪ್‌ಗೆ 0.022 ಮೈಕ್ರೋಫ್ಯಾರಡ್ ಹಾಕಿದರೆ ಶಿಖರ ಸುಮಾರು 540 ಹರ್ಟ್ಸ್, 0.047 ಹಾಕಿದರೆ 370, 0.1 ಹಾಕಿದರೆ 250. ನಾಬ್ ಮುಚ್ಚಿದರೂ ಸ್ವರದ ಮೂತಿ ಉಳಿಯಬೇಕೆನ್ನುವವರಿಗೆ 0.022, ವಾಡಿಕೆಯ ಬೇಸ್ ನಾದಕ್ಕೆ 0.047. 1950ರ ದಶಕದ ಫೆಂಡರ್ ಪ್ರಿಸಿಷನ್ ಬೇಸುಗಳಲ್ಲಿ ಇದ್ದದ್ದು 0.1, ಅದು ಮುಚ್ಚಿದರೆ ಕಂಬಳಿ ಹೊದಿಸಿದಂತೆ. ಎಣ್ಣೆ-ಕಾಗದದ ದುಬಾರಿ ಕೆಪಾಸಿಟರ್ ಮತ್ತು ಮಾಮೂಲಿ ಫಿಲ್ಮ್ ಕೆಪಾಸಿಟರ್ ಮೀಟರಿನಲ್ಲಿ ಒಂದೇ ಕೆಪಾಸಿಟೆನ್ಸ್ ತೋರಿಸಿದರೆ ಒಂದೇ ಕೆಲಸ ಮಾಡುತ್ತವೆ. ಹಣ ತಂತಿಗೆ ಉಳಿಸಿ.

ವೈರಿಂಗ್: ಸರಣಿಯೋ ಸಮಾಂತರವೋ

ಎರಡು ಪಿಕಪ್ ಇರುವವರಿಗೆ ಇದು ಹೊಸ ಪಿಕಪ್ಪಿಗಿಂತ ಹೆಚ್ಚು ಉಪಯುಕ್ತ ಬದಲಾವಣೆ. ಜಾಝ್ ಬೇಸಿನ ಎರಡು ಪಿಕಪ್ ಕಾರ್ಖಾನೆಯಿಂದ ಬರುವುದು ಸಮಾಂತರ ವೈರಿಂಗ್‌ನಲ್ಲಿ. ಎರಡೂ ಪೂರ್ತಿ ತೆರೆದಾಗ ಮಿಡ್ ಸ್ವಲ್ಪ ಕುಸಿದು, ಟ್ರೆಬಲ್ ತಿಳಿಯಾಗಿ, ಹೆಬ್ಬೆರಳಿನಿಂದ ತಂತಿ ಬಡಿಯುವ ಸ್ಲ್ಯಾಪ್ ನುಡಿಸಾಣಿಕೆಗೆ ಹೇಳಿ ಮಾಡಿಸಿದಂತಿರುತ್ತದೆ. ಗುಂಪಿನ ಗದ್ದಲದಲ್ಲಿ ಮಾಯವಾಗುವುದೂ ಇದೇ ನಾದ.

ಸರಣಿಯಲ್ಲಿ ಜೋಡಿಸಿದರೆ ಔಟ್‌ಪುಟ್ ಏರುತ್ತದೆ, ಕೆಳ ಮಿಡ್ ತುಂಬಿಕೊಳ್ಳುತ್ತದೆ, ಟ್ರೆಬಲ್ ಇಳಿಯುತ್ತದೆ. ಕಾರಣ ಮತ್ತೆ ಇಂಡಕ್ಟೆನ್ಸ್: 4 ಹೆನ್ರಿಯ ಎರಡು ಪಿಕಪ್ ಸಮಾಂತರದಲ್ಲಿ 2 ಹೆನ್ರಿ, ಸರಣಿಯಲ್ಲಿ 8. ಮೇಲಿನ ಉದ್ದನೆಯ ಕೇಬಲ್ಲಿಗೆ ಶಿಖರ ಸುಮಾರು 4250 ಹರ್ಟ್ಸ್‌ನಿಂದ 2130ಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಕೇಳಲು ಪ್ರಿಸಿಷನ್ ಬೇಸಿನ ಹತ್ತಿರ ಬರುತ್ತದೆ, ಪೂರ್ತಿ ಅದೇ ಆಗುವುದಿಲ್ಲ. ಇದಕ್ಕೆ ಬೇಕಾದ್ದು ಎತ್ತಿ-ಒತ್ತುವ ಪುಶ್-ಪುಲ್ ಪಾಟ್ ಒಂದು ಮತ್ತು ನಾಲ್ಕೈದು ತುಂಡು ವೈರ್. ಕೊರೆಯುವ ಕೆಲಸ ಇಲ್ಲ. ಸ್ವಿಚ್ ಸರಣಿಗೆ ಹೋದಾಗ ಎರಡು ವಾಲ್ಯೂಮ್‌ಗಳು ಮೊದಲಿನಂತೆ ಬೇರೆ ಬೇರೆಯಾಗಿ ಕೆಲಸ ಮಾಡುವುದಿಲ್ಲ. ಸಾಮಾನ್ಯ ನಕ್ಷೆಗಳಲ್ಲಿ ಒಂದು ನಾಬ್ ಒಟ್ಟಾರೆ ವಾಲ್ಯೂಮ್ ಆಗುತ್ತದೆ.

ಎಡವುವ ಜಾಗ ಒಂದಿದೆ. ಸರಣಿಯಲ್ಲಿ ಒಂದು ಪಿಕಪ್‌ನ "ತಣ್ಣನೆಯ" (ಸಾಮಾನ್ಯವಾಗಿ ಗ್ರೌಂಡಿಗೆ ಸೇರುವ) ವೈರ್ ಗ್ರೌಂಡಿಗೆ ಹೋಗದೆ ಇನ್ನೊಂದರ "ಬಿಸಿ" (ಸಂಕೇತ ಒಯ್ಯುವ) ವೈರಿಗೆ ಹೋಗಬೇಕು. ಆ ಪಿಕಪ್‌ನ ಲೋಹದ ಕವಚವೋ ತಳದ ತಗಡೋ ಅದೇ ತಣ್ಣನೆಯ ವೈರಿಗೆ ಅಂಟಿಕೊಂಡಿದ್ದರೆ, ಅದನ್ನು ಬಿಡಿಸಿ ಪ್ರತ್ಯೇಕ ಗ್ರೌಂಡ್ ವೈರ್ ಎಳೆಯಬೇಕು. ಇಲ್ಲವಾದರೆ ಕವಚವೇ ಆಂಟೆನಾ ಆಗಿ ಸದ್ದು ಮಾಡುತ್ತದೆ, ಅಥವಾ ಎಲ್ಲೋ ಶೀಲ್ಡಿಂಗ್‌ಗೆ ತಾಗಿ ಪಿಕಪ್ ಪೂರ್ತಿ ಮೂಕಾಗುತ್ತದೆ.

ಎರಡು ವಾಲ್ಯೂಮ್ ತೆಗೆದು ಒಂದು ವಾಲ್ಯೂಮ್, ಒಂದು ಬ್ಲೆಂಡ್ (ಎರಡು ಪಿಕಪ್‌ಗಳ ಪಾಲು ಹೊಂದಿಸುವ ನಾಬ್) ಹಾಕಬೇಕೆ? ವೇದಿಕೆಯ ಮೇಲೆ ಒಂದೇ ನಾಬಿನಿಂದ ಸದ್ದು ಇಳಿಸಬಹುದೆಂಬ ಅನುಕೂಲ ನಿಜ. ಆದರೆ ಬ್ಲೆಂಡ್ ಪಾಟ್ ನಡುವೆ ನಿಂತಾಗ ಎರಡೂ ಕಡೆ ಪೂರ್ತಿ ತೆರೆದಿರುವಂಥ ಎಂಎನ್ ಟೇಪರ್ ಇರಬೇಕು. ಸಾದಾ ಲೀನಿಯರ್ ಜೋಡಿ ಪಾಟ್ ಹಾಕಿದರೆ ನಟ್ಟನಡುವೆ ಸದ್ದು ಬೀಳುತ್ತದೆ. ಎರಡು ವಾಲ್ಯೂಮ್ ಇಟ್ಟುಕೊಳ್ಳುವವರು ಪಿಕಪ್‌ನ ವೈರನ್ನು ಪಾಟ್‌ನ ನಡುಕಾಲಿಗೆ, ಔಟ್‌ಪುಟ್ಟನ್ನು ಅಂಚಿನ ಕಾಲಿಗೆ ಹಾಕಬೇಕು. ತಿರುಗುಮುರುಗಾದರೆ ಒಂದು ನಾಬ್ ಸೊನ್ನೆಗೆ ಬಂದಾಗ ಇಡೀ ಬೇಸ್ ಸುಮ್ಮನಾಗುತ್ತದೆ.

ಗುಂಯ್ ಸದ್ದು: ತಾಮ್ರದ ಟೇಪೋ, ಹೊಸ ಪಿಕಪ್ಪೋ

ಬೇಸನ್ನು ಆಂಪ್‌ಗೆ ಸಿಕ್ಕಿಸಿ, ತಂತಿಗಳನ್ನು ಕೈಯಿಂದ ಒತ್ತಿ ಹಿಡಿಯಿರಿ. ಸದ್ದು ಗಣನೀಯವಾಗಿ ಇಳಿದರೆ ಅದು ವಿದ್ಯುತ್ ಕ್ಷೇತ್ರದಿಂದ ಬರುವ ಝರ್ರೆನ್ನುವ ಬಝ್. ಇದಕ್ಕೆ ಶೀಲ್ಡಿಂಗ್ ಮದ್ದು. ಈಗ ನಿಂತಲ್ಲೇ ಮೆಲ್ಲಗೆ ಸುತ್ತು ತಿರುಗಿ. ಮುಖ ಮಾಡಿದ ದಿಕ್ಕಿನೊಂದಿಗೆ ಸದ್ದು ಏರಿಳಿದರೆ ಅದು ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರವನ್ನು ಸುರುಳಿ ಹೀರಿಕೊಳ್ಳುವ ಹಮ್. ಎಷ್ಟು ತಾಮ್ರ ಮೆತ್ತಿದರೂ ಅದು ಹೋಗದು. ಅಲ್ಲಿ ಬೇಕಾದ್ದು ಎರಡು ಸುರುಳಿಗಳು ಪರಸ್ಪರ ಹಮ್ ಅಳಿಸುವ ಪಿಕಪ್. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಇಡೀ ದಿನ ತಾಮ್ರದ ಟೇಪ್ ಅಂಟಿಸುವವರು ಎಲ್ಲೆಡೆ ಇದ್ದಾರೆ. ತಂತಿ ಮುಟ್ಟಿದಾಗ ಸದ್ದು *ಹೆಚ್ಚಾದರೆ* ಜ್ಯಾಕ್‌ನಲ್ಲಿ ಬಿಸಿ, ಗ್ರೌಂಡ್ ವೈರುಗಳು ಅದಲುಬದಲಾಗಿವೆ.

ಜಾಝ್ ಬೇಸ್ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಿ. ಎರಡನೇ ಪಿಕಪ್‌ನ ಸುತ್ತು ಮತ್ತು ಧ್ರುವ ಉಲ್ಟಾ ಇದ್ದರೆ, ಎರಡು ವಾಲ್ಯೂಮ್ ಸಮಸಮ ತೆರೆದಾಗ ಹಮ್ ಅಳಿಯುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೂ ಮತ್ತೆ ಬರುತ್ತದೆ. ಅದು ದೋಷವಲ್ಲ, ಆ ವಿನ್ಯಾಸವೇ ಹಾಗೆ.

ಶೀಲ್ಡಿಂಗ್ ಮಾಡುವುದಾದರೆ ಅಂಟಿನ ಕಡೆಯೂ ವಿದ್ಯುತ್ ಹರಿಯುವ ತಾಮ್ರದ ಟೇಪ್ ಕೊಳ್ಳಿ. ಮಾಮೂಲಿ ಅಂಟಿನದಾದರೆ ಪ್ರತಿ ಜೋಡಿಯ ಮೇಲೂ ಒಂದು ಚುಕ್ಕೆ ಬೆಸುಗೆ ಇಡಬೇಕು. ಪಿಕಪ್ ಗುಳಿ, ಕಂಟ್ರೋಲ್ ಗುಳಿ, ಪಿಕ್‌ಗಾರ್ಡ್‌ನ ಹಿಂಬದಿ ಎಲ್ಲವೂ ಒಂದಕ್ಕೊಂದು ತಾಗಿ ಒಂದೇ ಗ್ರೌಂಡಿಗೆ ಸೇರಬೇಕು. ಮೀಟರಿನಲ್ಲಿ ಯಾವ ಎರಡು ಮೂಲೆಗಳ ನಡುವೆಯೂ ಒಂದೆರಡು ಓಮ್‌ಗಿಂತ ಹೆಚ್ಚು ತೋರಿಸಬಾರದು. ಜ್ಯಾಕ್‌ನ ತುದಿ-ಸಂಪರ್ಕದ ಪಟ್ಟಿ ಪ್ಲಗ್ ಒಳಹೋದಾಗ ಹೊರಕ್ಕೆ ಬಾಗುತ್ತದೆ. ಅದು ತಾಮ್ರಕ್ಕೆ ತಾಗಿದರೆ ಪೂರ್ಣ ಮೌನ. ಆ ಗೋಡೆಗೆ ಒಂದು ಪಟ್ಟಿ ಇನ್ಸುಲೇಶನ್ ಟೇಪ್ ಅಂಟಿಸಿ.

ಕೊನೆಗೂ ಪಿಕಪ್ಪೇ ಬೇಕೆಂದರೆ

ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ 1951ರಲ್ಲಿ ಒಂದೇ ಸುರುಳಿಯ ಪಿಕಪ್ಪಿನೊಂದಿಗೆ ಬಂತು. 1957ರಲ್ಲಿ ಅದು ಎರಡು ತುಂಡಾಯಿತು: ಇ-ಎ ತಂತಿಗಳಿಗೆ ಒಂದು, ಡಿ-ಜಿ ತಂತಿಗಳಿಗೆ ಇನ್ನೊಂದು, ಎರಡೂ ಸರಣಿಯಲ್ಲಿ, ಸುತ್ತು ಮತ್ತು ಧ್ರುವ ಪರಸ್ಪರ ಉಲ್ಟಾ. ಅಂದರೆ ಈ ಪಿಕಪ್ ಹುಟ್ಟಾ ಹಮ್ ಅಳಿಸುವಂಥದ್ದು. ಜಾಝ್ ಬೇಸ್ 1960ರದ್ದು, ಎರಡು ತೆಳ್ಳನೆಯ ಸಿಂಗಲ್ ಕಾಯಿಲ್‌ಗಳು. ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ 1976ರಲ್ಲಿ ಬ್ರಿಡ್ಜ್ ಕಡೆಗೆ ಒಂದು ದೊಡ್ಡ ಹಂಬಕರ್ ಮತ್ತು ಬ್ಯಾಟರಿಯ ಪ್ರಿಆಂಪ್ ಜೊತೆ ಬಂತು. ಇಂದಿನ ಬಹುತೇಕ ಬದಲಿ ಪಿಕಪ್‌ಗಳು ಈ ಮೂರರ ಮಕ್ಕಳು, ಮೊಮ್ಮಕ್ಕಳು.

ಮೂರರ ನಾದ ಬೇರೆ ಬೇರೆ ಎನಿಸಲು ಪಿಕಪ್‌ನ ಒಳಾಂಗ ಎಷ್ಟು ಕಾರಣವೋ ತಂತಿಯ ಉದ್ದದಲ್ಲಿ ಅದು ನಿಂತ ಜಾಗವೂ ಅಷ್ಟೇ ಕಾರಣ. ಬ್ರಿಡ್ಜ್‌ಗೆ ಹತ್ತಿರವಾದಷ್ಟೂ ಮೂಲಸ್ವರ ಕಡಿಮೆ, ಮೇಲಿನ ಸ್ವರಾಂಶ ಹೆಚ್ಚು. 1970ರ ದಶಕದ ಆರಂಭದಲ್ಲಿ ಜಾಝ್ ಬೇಸಿನ ಬ್ರಿಡ್ಜ್ ಪಿಕಪ್ ಸುಮಾರು 10 ಮಿ.ಮೀ. ಹಿಂದಕ್ಕೆ ಸರಿಯಿತು, ಅಷ್ಟಕ್ಕೇ ಆ ಕಾಲದ ಬೇಸುಗಳ ನಾದಕ್ಕೆ ಬೇರೆಯೇ ಹೆಸರು ಬಂತು. ಹಾಗಾಗಿ ಜಾಝ್ ಬೇಸಿಗೆ ಯಾವ ಪಿಕಪ್ ಹಾಕಿದರೂ ಸ್ಟಿಂಗ್‌ರೇ ಆಗುವುದಿಲ್ಲ. ಅದಕ್ಕಾಗಿ ಮರ ಕೊರೆಯಬೇಕೆಂದರೆ ಬೇರೆ ಬೇಸ್ ಕೊಳ್ಳುವುದೇ ಮೇಲು. ಕೊರೆದ ಮರ ಮತ್ತೆ ತುಂಬುವುದಿಲ್ಲ.

ಪಟ್ಟಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಿಸಿ ರೋಧ, ಅಂದರೆ ಮೀಟರ್ ಹಿಡಿದಾಗ ಕಾಣುವ ಸುರುಳಿಯ ರೋಧ. ಪ್ರಿಸಿಷನ್ ಪಿಕಪ್ ಸಾಮಾನ್ಯವಾಗಿ 10-11 ಕಿಲೋಓಮ್, ಜಾಝ್ 7-8. ಒಂದೇ ಬಗೆಯ, ಒಂದೇ ದಪ್ಪದ ವೈರಿನ ಎರಡು ಪಿಕಪ್ ಹೋಲಿಸುವಾಗ ಹೆಚ್ಚು ಓಮ್ ಎಂದರೆ ಹೆಚ್ಚು ಸುತ್ತು, ಹೆಚ್ಚು ಔಟ್‌ಪುಟ್, ಕಡಿಮೆ ಟ್ರೆಬಲ್ ಎಂದು ಊಹಿಸಬಹುದು. ವೈರಿನ ದಪ್ಪ ಬದಲಾದರೆ ಆ ಅಂಕಿಗೆ ಅರ್ಥವಿಲ್ಲ. ತಯಾರಕರು ಇಂಡಕ್ಟೆನ್ಸ್ ಕೊಟ್ಟಿದ್ದರೆ ಅದನ್ನೇ ನೋಡಿ.

ಅಲ್ನಿಕೋ 5 ಎಂಬ ಮಿಶ್ರಲೋಹದ ಅಯಸ್ಕಾಂತ ಕಂಬಗಳ ಪಿಕಪ್ ಹಳೆಯ ಮಾದರಿಯ ತಿಳಿ ನಾದ ಕೊಡುತ್ತದೆ. ಸೆರಾಮಿಕ್ ಅಯಸ್ಕಾಂತ ಎಂದರೆ ಅಗ್ಗ, ಕರ್ಕಶ ಎಂಬ ಮಾತು ಅರ್ಧ ಸತ್ಯ. ಅಗ್ಗದ ಬೇಸುಗಳಲ್ಲಿ ಸೆರಾಮಿಕ್ ಇರುತ್ತದೆ ನಿಜ, ಆದರೆ ಅಲ್ಲಿ ಕರ್ಕಶಕ್ಕೆ ಕಾರಣ ಪಿಕಪ್‌ನ ಒಟ್ಟು ವಿನ್ಯಾಸ.

ಜಾಝ್ ಬೇಸಿನ ಹಮ್ ಸಹಿಸಲಾಗದವರಿಗೆ ಎರಡು ದಾರಿ. ಒಂದರ ಮೇಲೊಂದು ಸುರುಳಿ ಪೇರಿಸಿದ ಸ್ಟ್ಯಾಕ್ಡ್ ಪಿಕಪ್, ಅಥವಾ ಪ್ರಿಸಿಷನ್‌ನಂತೆ ಎರಡೆರಡು ತಂತಿಗೆ ಒಂದು ಸುರುಳಿ ಕೊಟ್ಟು ಅದೇ ಕವಚದೊಳಗೆ ಅಡಗಿಸಿದ ಸ್ಪ್ಲಿಟ್ ಕಾಯಿಲ್. ಎರಡೂ ಅದೇ ಗುಳಿಯಲ್ಲಿ ಕೂರುತ್ತವೆ, ಎರಡರಲ್ಲೂ ಸಿಂಗಲ್ ಕಾಯಿಲ್‌ನ ಗಾಳಿಯಾಡುವ ಟ್ರೆಬಲ್ ಸ್ವಲ್ಪ ಕಳೆಯಬಹುದು. ಒಂದೇ ಪಿಕಪ್ ತೆರೆದು ನುಡಿಸುವ ಅಭ್ಯಾಸ ಇಲ್ಲದವರಿಗೆ, ಅಂದರೆ ಎರಡೂ ಸದಾ ಪೂರ್ತಿ ತೆರೆದಿಡುವವರಿಗೆ, ಈ ಖರ್ಚು ಬೇಕಿಲ್ಲ. ಒಂದು ಪ್ರಿಸಿಷನ್, ಒಂದು ಜಾಝ್ ಪಿಕಪ್ ಇರುವ ಪಿ-ಜೆ ಜೋಡಿಯಲ್ಲಿ ಮಾತು ಬೇರೆ: ಪ್ರಿಸಿಷನ್ ಪಿಕಪ್ ತನ್ನಷ್ಟಕ್ಕೆ ಮೌನ, ಪಕ್ಕದ ಜಾಝ್ ಪಿಕಪ್ ಸಿಂಗಲ್ ಕಾಯಿಲ್ ಆದರೆ ಅದರ ಹಮ್ ಅಳಿಸಲು ಜೊತೆಗಾರನೇ ಇಲ್ಲ. ಜೊತೆಗೆ ಬ್ರಿಡ್ಜ್ ಪಕ್ಕದ್ದು ಕ್ಷೀಣವಾಗಿಯೂ ಕೇಳುತ್ತದೆ. ಅಲ್ಲಿ ಹಮ್ ಅಳಿಸುವ, ಹೆಚ್ಚು ಔಟ್‌ಪುಟ್‌ನ ಪಿಕಪ್ಪೇ ಸರಿ.

ಇಎಂಜಿ ಕಂಪನಿಯ ಬಗೆಯ, ಬ್ಯಾಟರಿ ಬೇಡುವ ಆಕ್ಟಿವ್ ಪಿಕಪ್‌ಗಳ ಒಳಗೇ ಚಿಕ್ಕ ಆಂಪ್ಲಿಫೈಯರ್ ಇರುತ್ತದೆ. ಸದ್ದು ಬಹಳ ಕಡಿಮೆ, ಉದ್ದ ಕೇಬಲ್ಲಿಗೂ ಟ್ರೆಬಲ್ ಬಗ್ಗುವುದಿಲ್ಲ. ಇವಕ್ಕೆ 25 ಕಿಲೋಓಮ್ ಪಾಟ್ ಬೇಕು. ಹಳೆಯ 250 ಪಾಟ್ ಉಳಿಸಿಕೊಂಡರೆ ವಾಲ್ಯೂಮ್ ನಾಬ್ ದೀಪದ ಸ್ವಿಚ್ಚಿನಂತಾಗುತ್ತದೆ. ತಿರುಗುಮುರುಗಾಗಿ ಪ್ಯಾಸಿವ್ ಪಿಕಪ್ಪಿಗೆ 25ರ ಪಾಟ್ ಹಾಕಿದರೆ ನಾದ ಮಣ್ಣಾಗುತ್ತದೆ. ಹಾಗಾಗಿ ಒಂದು ಆಕ್ಟಿವ್, ಒಂದು ಪ್ಯಾಸಿವ್ ಬೆರೆಸುವ ಆಸೆ ಬಿಡಿ.

ಕೊಳ್ಳುವ ಮುನ್ನ ಅಳತೆ ತೆಗೆದುಕೊಳ್ಳಿ. ಜಾಝ್ ಬೇಸಿನ ನೆಕ್ ಪಿಕಪ್ ಬ್ರಿಡ್ಜ್ ಪಿಕಪ್ಪಿಗಿಂತ 2-3 ಮಿ.ಮೀ. ಗಿಡ್ಡ, ಎರಡೂ ಒಂದೇ ಅಳತೆ ಇರುವ ಬೇಸುಗಳೂ ಇವೆ. ಸೋಪ್‌ಬಾರ್ ಮತ್ತು ಐದು ತಂತಿಯ ಪಿಕಪ್‌ಗಳಲ್ಲಿ ಉದ್ದ, ಅಗಲ, ಸ್ಕ್ರೂ ಕಿವಿಗಳ ಜಾಗ, ತಂತಿಗಳ ನಡುವಿನ ಅಂತರ ಎಲ್ಲವೂ ತಯಾರಕರಿಂದ ತಯಾರಕರಿಗೆ ಬೇರೆ.

ಪ್ರಿಆಂಪ್: ಒಳಗೋ, ಹೊರಗೋ

ಒಳಗೆ ಕೂರಿಸುವ ಪ್ರಿಆಂಪ್ ಕೈಯಳತೆಯಲ್ಲೇ ನಾದ ತಿದ್ದಲು ಅವಕಾಶ ಕೊಡುತ್ತದೆ ಮತ್ತು ಕೇಬಲ್‌ನ ಹೊರೆಯಿಂದ ಪಿಕಪ್ಪನ್ನು ಕಾಪಾಡುತ್ತದೆ. ಬ್ಯಾಟರಿಗೆ ಜಾಗ, ಮೂರು ಸಂಪರ್ಕದ ಸ್ಟೀರಿಯೋ ಜ್ಯಾಕ್, ಕೆಲವೊಮ್ಮೆ ಹೊಸ ತೂತು ಇವೆಲ್ಲ ಬೇಕು. ಪೆಡಲ್ ರೂಪದ ಪ್ರಿಆಂಪ್ ಅದೇ ಕೆಲಸದ ಬಹುಭಾಗ ಮಾಡುತ್ತದೆ, ಎಲ್ಲ ಬೇಸಿಗೂ ಆಗುತ್ತದೆ, ಮರ ಮುಟ್ಟುವುದಿಲ್ಲ. ಅದರ ತನಕ ಇರುವ ಕೇಬಲ್‌ನ ಹೊರೆಯನ್ನು ಮಾತ್ರ ತಪ್ಪಿಸದು. ಹಾಡಿನ ನಡುವೆ ನಾದ ಬದಲಿಸುವ ಅಗತ್ಯ ಇಲ್ಲದವರಿಗೆ ಪೆಡಲ್ಲೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಎರಡು ಬ್ಯಾಂಡ್ (ಬೇಸ್, ಟ್ರೆಬಲ್), ಮೂರು ಬ್ಯಾಂಡ್ (ಜೊತೆಗೆ ಮಿಡ್) ನಡುವೆ ಆರಿಸುವುದಾದರೆ ಮೂರು. ತೆರೆದ ಇ ತಂತಿಯ ಮೂಲಸ್ವರ 41 ಹರ್ಟ್ಸ್. ಚಿಕ್ಕ ಸ್ಪೀಕರುಗಳು ಅದನ್ನು ಸರಿಯಾಗಿ ಹೊರಡಿಸುವುದೇ ಇಲ್ಲ. ಗುಂಪಿನ ನಡುವೆ ಬೇಸ್ ಕೇಳಿಸುವುದು 700ರಿಂದ 1000 ಹರ್ಟ್ಸ್ ಆಸುಪಾಸಿನ ಮಿಡ್‌ನಿಂದ. ಬೇಸ್ ನಾಬ್ ಪೂರ್ತಿ ಏರಿಸಿದರೆ ಆಗುವುದೇನು? 12 ಡೆಸಿಬಲ್ ಏರಿಕೆ ಎಂದರೆ ವೋಲ್ಟೇಜ್ 4 ಪಟ್ಟು, ಆಂಪ್ ಕೊಡಬೇಕಾದ ಶಕ್ತಿ 16 ಪಟ್ಟು. ಆಂಪ್ ಸುಸ್ತಾಗಿ ಒಡಕು ಸದ್ದು ಬರುತ್ತದೆಯೇ ಹೊರತು ಬೇಸ್ ಕೇಳಿಸುವುದಿಲ್ಲ.

9 ವೋಲ್ಟೋ 18 ವೋಲ್ಟೋ ಎಂಬ ಚರ್ಚೆ ಅನಗತ್ಯವಾಗಿ ಬೆಳೆದಿದೆ. 18ರಿಂದ ಸದ್ದು ಹೆಚ್ಚಾಗುವುದಿಲ್ಲ, ಜೋರಾಗಿ ಮೀಟಿದಾಗ ಪ್ರಿಆಂಪ್ ಒಡೆಯುವ ಮಿತಿ ಸುಮಾರು 6 ಡೆಸಿಬಲ್ ಮೇಲೆ ಹೋಗುತ್ತದೆ. ಸ್ಲ್ಯಾಪ್ ಮಾಡುವಾಗ ಒಡಕು ಕೇಳದಿದ್ದರೆ 9 ಸಾಕು. 18 ಕೊಡುವ ಮುನ್ನ ಆ ಪ್ರಿಆಂಪ್ ತಾಳುವ ಗರಿಷ್ಠ ವೋಲ್ಟೇಜ್ ಓದಿಕೊಳ್ಳಿ. ಕೇಬಲ್ ಸಿಕ್ಕಿಸಿದಾಗ ಸ್ಟೀರಿಯೋ ಜ್ಯಾಕ್‌ನ ನಡು ಉಂಗುರ ಬ್ಯಾಟರಿಯ ಋಣ ತುದಿಯನ್ನು ಗ್ರೌಂಡಿಗೆ ಸೇರಿಸುತ್ತದೆ, ಪ್ರಿಆಂಪ್ ಶುರುವಾಗುತ್ತದೆ. ಕೇಬಲ್ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಕರಗುತ್ತಲೇ ಇರುತ್ತದೆ. ಅರ್ಧ ಮಿಲಿಆಂಪಿಯರ್ ಎಳೆಯುವ ಪ್ರಿಆಂಪ್ 500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 1000 ಗಂಟೆ ನಡೆಯುತ್ತದೆ. ದಿನಕ್ಕೆ 24 ಗಂಟೆಯಂತೆ ಆರು ವಾರ. ಬ್ಯಾಟರಿ ಸತ್ತರೂ ನುಡಿಸಲು ಪ್ಯಾಸಿವ್ ಸ್ವಿಚ್ ಇರುವ ಪ್ರಿಆಂಪ್ ಆರಿಸಿಕೊಳ್ಳಿ.

ಬೆಸುಗೆಗೆ ಕೂತಾಗ

40ರಿಂದ 60 ವ್ಯಾಟಿನ ಐರನ್, ಉಳಿಯಂಥ ಅಗಲ ಮೂತಿ, 350-380 ಡಿಗ್ರಿ ಸೆಲ್ಸಿಯಸ್ ಶಾಖ, ರಾಳ ತುಂಬಿದ 0.8 ಮಿ.ಮೀ. ಸೋಲ್ಡರ್ ತಂತಿ. ನಲ್ಲಿ ಕೆಲಸದ ಆಮ್ಲದ ಫ್ಲಕ್ಸ್ ಹತ್ತಿರವೂ ಬರಬಾರದು, ಅದು ವೈರುಗಳನ್ನು ತಿಂದುಹಾಕುತ್ತದೆ. ಪಾಟ್‌ನ ಬೆನ್ನಿಗೆ ಗ್ರೌಂಡ್ ಬೆಸೆಯುವ ಮುನ್ನ ಅಲ್ಲಿ ಮರಳುಕಾಗದದಿಂದ ಉಜ್ಜಿ. ದುರ್ಬಲ ಐರನ್ ಹಿಡಿದು ಅರ್ಧ ನಿಮಿಷ ಕಾಯಿಸಿದರೆ ಪಾಟ್‌ನ ಒಳಗಿನ ಪಟ್ಟಿ ಸುಡುತ್ತದೆ. ಶಕ್ತಿಯುತ ಐರನ್ ನಾಲ್ಕೈದು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ಬೆಸುಗೆ ಹೊಳೆಯುತ್ತ ಹರಡಿಕೊಂಡಿರಬೇಕು. ಮಂಕಾಗಿ ಗೋಲಿಯಂತೆ ನಿಂತಿದ್ದರೆ ಅದು ತಣ್ಣನೆಯ ಬೆಸುಗೆ, ಇಂದಲ್ಲ ನಾಳೆ ಕೈಕೊಡುತ್ತದೆ.

ಹಳೆಯದನ್ನು ಬಿಚ್ಚುವ ಮುನ್ನ ಎರಡು ಕೋನದಿಂದ ಫೋಟೋ ತೆಗೆಯಿರಿ. ಹಳೆಯ ಪಿಕಪ್‌ನ ವೈರನ್ನು ಕತ್ತರಿಸದೆ ಬೆಸುಗೆ ಕರಗಿಸಿ ಬಿಡಿಸಿ, ಮರಳಿ ಹಾಕುವ ದಿನ ಬರಬಹುದು. ವೈರುಗಳ ಬಣ್ಣ ಒಬ್ಬ ತಯಾರಕನಿಗೆ ಒಂದು ಥರ. ಊಹೆ ಬೇಡ, ಜೊತೆಗೆ ಬಂದ ನಕ್ಷೆ ನೋಡಿ. ಪಿಕಪ್‌ನ ಸುರುಳಿಯ ತಂತಿ ತಲೆಗೂದಲಿನಷ್ಟು ತೆಳು, ಸುಮಾರು 0.06 ಮಿ.ಮೀ. ಸ್ಕ್ರೂಡ್ರೈವರ್ ಜಾರಿದರೆ ಮುಗಿಯಿತು. ಹೊಸ ಪಾಟ್‌ನ ಕುತ್ತಿಗೆ ದಪ್ಪ ಹಳೆಯ ತೂತಿಗೆ ಹೊಂದುತ್ತದೆಯೇ ಎಂದೂ ಮೊದಲೇ ಅಳೆಯಿರಿ: ದೊಡ್ಡ ಬಗೆಯವು 9.5 ಮಿ.ಮೀ. ತೂತು ಬೇಡುತ್ತವೆ, ಚಿಕ್ಕ ಬಗೆಯವು 7-8 ಮಿ.ಮೀ. ನಾಬ್‌ಗಳೂ ಅಷ್ಟೇ, ಗಟ್ಟಿ ದಂಡಿನದು ಸೀಳು ದಂಡಿಗೆ ಕೂರುವುದಿಲ್ಲ.

ಮುಚ್ಚಳ ಹಾಕುವ ಮುನ್ನ, ಪ್ಯಾಸಿವ್ ಬೇಸಾದರೆ, ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಯ ಪ್ಲಗ್‌ಗೆ ಮೀಟರ್ ಹಿಡಿಯಿರಿ. ವಾಲ್ಯೂಮ್ ಪೂರ್ತಿ ತೆರೆದಿರಲಿ. 10.5 ಕಿಲೋಓಮ್‌ನ ಪ್ರಿಸಿಷನ್ ಪಿಕಪ್ 250ರ ಪಾಟ್ ಜೊತೆ ಸುಮಾರು 10 ತೋರಿಸಬೇಕು. ತಲಾ 7.5ರ ಎರಡು ಜಾಝ್ ಪಿಕಪ್ ಸಮಾಂತರದಲ್ಲಿ ಸುಮಾರು 3.6. ಅಲ್ಲಿ 7 ಬಂದರೆ ಒಂದು ಪಿಕಪ್ ಸೇರಿಕೊಂಡಿಲ್ಲ. 125 ಬಂದರೆ ಎರಡೂ ಇಲ್ಲ, ನೀವು ಅಳೆಯುತ್ತಿರುವುದು ಬರೀ ಪಾಟ್‌ಗಳನ್ನು. ಸೊನ್ನೆ ಬಂದರೆ ಬಿಸಿ ವೈರ್ ಎಲ್ಲೋ ಗ್ರೌಂಡಿಗೆ ತಾಗಿದೆ, ಮೊದಲು ಜ್ಯಾಕ್ ನೋಡಿ. ಅಂಕಿ ಎಲ್ಲ ಸರಿಯಿದ್ದು, ಎರಡೂ ಪಿಕಪ್ ತೆರೆದಾಗ ಮಾತ್ರ ನಾದ ಡಬ್ಬದಂತೆ ತೆಳ್ಳಗಾದರೆ ಅವು ವಿರುದ್ಧ ಫೇಸ್‌ನಲ್ಲಿವೆ, ಅಂದರೆ ಒಂದರ ಸಂಕೇತ ಇನ್ನೊಂದನ್ನು ಅಳಿಸುತ್ತಿದೆ. ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಿ. ಅದರ ಕವಚದ ಗ್ರೌಂಡ್ ಬೇರೆಯಾಗಿದೆಯೇ ಎಂದು ನೋಡಿಕೊಂಡೇ ಮಾಡಿ.